ಊಹೆಯೂ ಅನುಮಾನವೂ: ಪೋ ಮಹಾಶಯನ ‘ಮರೀ ರೋಜೆಯ ರಹಸ್ಯ’

ಕನ್ನಡದಲ್ಲಿ ‘ಅನುಮಾನ’ವೆಂಬ ಶಬ್ದವು ಎರಡು ಅರ್ಥಗಳಲ್ಲಿ ರೂಢವಾಗಿದೆ. ಪಾಠಶಾಲೆಯಲ್ಲಿ ಅದು ಪ್ರತ್ಯಕ್ಷದ ಅನಂತರ ಎಣಿಕೆಗೆ ಬರುವ ಪ್ರಮಾಣ. ಬೆಟ್ಟದ ಮೇಲೆ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯುಂಟೆಂದು ನಿಶ್ಚಯಿಸುವ ಮಾರ್ಗ. ಮನೆಯಲ್ಲಿಯೂ ಬೀದಿಯಲ್ಲಿಯೂ ಅದೇ ಶಬ್ದಕ್ಕೆ ಸಂಶಯವೆಂದು ಅರ್ಥ. ‘ಅವನ ಮೇಲೆ ಅನುಮಾನವಿದೆ’ ಎಂದರೆ ಇನ್ನೂ ನಿಶ್ಚಯವಾಗಿಲ್ಲವೆಂದೇ ತಾತ್ಪರ್ಯ. ಒಂದೇ ಶಬ್ದವು ನಿಶ್ಚಯಕ್ಕೂ ಅನಿಶ್ಚಯಕ್ಕೂ ಸಲ್ಲುವುದು ಭಾಷೆಯ ದೋಷವೆಂದು ಕೆಲವರು ಎಣಿಸಬಹುದು. ಆದರೆ ಜನರ ಮನಸ್ಸು ಎಷ್ಟು ಸುಲಭವಾಗಿ ಎರಡನೆಯದರಿಂದ ಮೊದಲನೆಯದಕ್ಕೆ ಜಾರುವುದೆಂಬುದನ್ನು ಈ ರೂಢಿಯೇ ತೋರಿಸುತ್ತದೆ. ಸಂಶಯವು ಹತ್ತು ಬಾಯಿಗಳನ್ನು ದಾಟಿ ಬಂದಿತೆಂದರೆ ಪ್ರಮಾಣದ ವೇಷವನ್ನು ಧರಿಸಿಯೇ ಬರುತ್ತದೆ.

ಯುವತಿಯೊಬ್ಬಳು ಮನೆಯಿಂದ ಹೊರಟವಳು ಮರಳಿ ಬರಲಿಲ್ಲವೆಂಬ ಸುದ್ದಿ ಹಬ್ಬಿದಾಗ ಈ ವೇಷಾಂತರವು ಅತ್ಯಂತ ಶೀಘ್ರವಾಗಿ ನಡೆಯುವುದು. ಈಗ ಅಂತರ್ಜಾಲವು ಮನೆಮನೆಯನ್ನೂ ಹೊಕ್ಕಿರುವುದರಿಂದ, ಆಕೆಯ ಊರನ್ನಾಗಲಿ ಬಂಧುಗಳನ್ನಾಗಲಿ ಎಂದೂ ಕಾಣದ ಸಾವಿರಾರು ಜನರು ಆಕೆಯ ಭಾವಚಿತ್ರವನ್ನು ಮುಂದಿಟ್ಟುಕೊಂಡು, ಆಕೆ ಎಲ್ಲಿಗೆ ಹೋದಳು, ಯಾರೊಡನೆ ಹೋದಳು, ಯಾರು ಕೊಂದಿರಬೇಕು ಎಂದು ರಾತ್ರಿಯೆಲ್ಲ ತರ್ಕಿಸುತ್ತಾರೆ. ತರ್ಕಿಸುವವರಿಗೆ ಅದು ಕಾಲಕ್ಷೇಪ. ಬೆರಳು ಯಾರ ಕಡೆಗೆ ತಿರುಗಿತೋ ಅವರಿಗೆ ಪ್ರಾಣಸಂಕಟ. ಯಂತ್ರವು ಹೊಸದಾದರೂ ಚಾಳಿ ಹೊಸದಲ್ಲ. 180ಕ್ಕೂ ಹೆಚ್ಚು ವರ್ಷಗಳ ಹಿಂದೆ ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಇದೇ ವ್ಯಾಪಾರವು ಪತ್ರಿಕೆಗಳ ಮೂಲಕ ನಡೆಯಿತು; ಅದರಲ್ಲಿ ಆ ದೇಶದ ಪ್ರತಿಭಾಶಾಲಿಯಾದ ಲೇಖಕನೊಬ್ಬನೂ ಪಾಲುಗೊಂಡನು. ಎಡ್ಗರ್ ಅಲನ್ ಪೋ ಮಹಾಶಯನ ‘ಮರೀ ರೋಜೆಯ ರಹಸ್ಯ’ವೆಂಬ ಕಥೆಯು ಆ ಪಾಲಿನ ಫಲ. ಪತ್ತೇದಾರಿ ಕಥೆಗಳ ಇತಿಹಾಸದಲ್ಲಿ ಅದಕ್ಕೆ ಗೌರವದ ಸ್ಥಾನವಿದೆ. ಆ ಗೌರವವು ಎಷ್ಟರ ಮಟ್ಟಿಗೆ ಸಲ್ಲತಕ್ಕದ್ದೆಂಬುದೇ ಪ್ರಕೃತ ವಿಚಾರ.

ಮೊದಲು ನಡೆದ ಸಂಗತಿಯನ್ನು ತಿಳಿಯಬೇಕು. ಮೇರಿ ರಾಜರ್ಸ್ ಎಂಬಾಕೆ ನ್ಯೂಯಾರ್ಕಿನ ಬ್ರಾಡ್‌ವೇ ಬೀದಿಯಲ್ಲಿ ಜಾನ್ ಆಂಡರ್ಸನ್ ಎಂಬವನ ಹೊಗೆಸೊಪ್ಪಿನ ಅಂಗಡಿಯಲ್ಲಿ ಮಾರಾಟಕ್ಕೆ ನಿಂತಿದ್ದ ಹುಡುಗಿ. ರೂಪವತಿಯೆಂದು ಹೆಸರಾದವಳು. ಅಂಗಡಿಯ ಗಿರಾಕಿಗಳಲ್ಲಿ ಪತ್ರಿಕೆಗಳವರೂ ಇದ್ದುದರಿಂದ ಬದುಕಿದ್ದಾಗಲೇ ಆಕೆಯ ಹೆಸರು ಅಚ್ಚಿಗೆ ಏರಿತ್ತು. 1838ರಲ್ಲಿ ಒಮ್ಮೆ ಆಕೆ ಕಾಣೆಯಾದಳೆಂದು ಪತ್ರಿಕೆಗಳು ಸಾರಿದವು. ಸ್ವಲ್ಪ ಕಾಲದಲ್ಲಿಯೇ ಆಕೆ ಹಿಂದಿರುಗಿದಳು. ಮುಂದೆ ಅಂಗಡಿಯ ಕೆಲಸವನ್ನು ಬಿಟ್ಟು, ನಾಸೌ ಬೀದಿಯಲ್ಲಿ ಬಾಡಿಗೆದಾರರಿಗೆ ಊಟವಸತಿಗಳನ್ನು ಒದಗಿಸುತ್ತಿದ್ದ ತಾಯಿಗೆ ನೆರವಾಗಿದ್ದಳು. 1841ನೆಯ ಇಸವಿ ಜುಲೈ 25, ಭಾನುವಾರ, ಬಂಧುವೊಬ್ಬಳನ್ನು ನೋಡಿ ಬರುವೆನೆಂದು ಡೇನಿಯಲ್ ಪೇನ್ ಎಂಬವನಿಗೆ ಹೇಳಿ ಹೊರಟಳು. ಪೇನನು ಅದೇ ಮನೆಯಲ್ಲಿ ವಸತಿಯಿದ್ದವನು; ಆಕೆಯನ್ನು ಮದುವೆಯಾಗಲಿದ್ದವನು. 28ರಂದು ಹಡ್ಸನ್ ನದಿಯ ಆಚೆಯ ದಡದಲ್ಲಿ, ನ್ಯೂಜರ್ಸಿಗೆ ಸೇರಿದ ಹೊಬೋಕೆನ್ನಿನ ಬಳಿ, ಆಕೆಯ ಶವವು ನೀರಿನಲ್ಲಿ ತೇಲುತ್ತಿದ್ದುದು ಕಂಡುಬಂದಿತು. ಆಗ ಆಕೆಗೆ ಸುಮಾರು 20 ವರ್ಷ ವಯಸ್ಸು.

ಅಂದಿನ ನ್ಯೂಯಾರ್ಕಿನಲ್ಲಿ ಅಪರಾಧವನ್ನು ಶೋಧಿಸಬಲ್ಲ ಸುವ್ಯವಸ್ಥಿತವಾದ ಪೋಲೀಸು ಪಡೆಯಿರಲಿಲ್ಲ. ರಾತ್ರಿಯ ಕಾವಲುಗಾರರೂ ಕೆಲವು ಮಂದಿ ಕಾನ್‌ಸ್ಟೇಬಲ್ಲರೂ ಇದ್ದರು, ಅಷ್ಟೆ. ಮನೆಯಿದ್ದುದು ಒಂದು ರಾಜ್ಯದಲ್ಲಿ, ಶವವು ಸಿಕ್ಕಿದುದು ಮತ್ತೊಂದರಲ್ಲಿ. ಈ ತೆರಪನ್ನು ಪತ್ರಿಕೆಗಳು ತುಂಬಿದವು. 1833ರಲ್ಲಿ ‘ಸನ್’ ಪತ್ರಿಕೆಯೂ 1835ರಲ್ಲಿ ‘ಹೆರಾಲ್ಡ್’ ಪತ್ರಿಕೆಯೂ ಒಂದು ಸೆಂಟಿನ ಬೆಲೆಗೆ ಹೊರಟ ಮೇಲೆ, ದಿನದಿನವೂ ಓದುಗರನ್ನು ಸೆಳೆಯತಕ್ಕ ಸುದ್ದಿಯು ಅವುಗಳ ಜೀವನಾಧಾರವಾಗಿತ್ತು. ಇದು ಪುಂಡರ ಗುಂಪಿನ ಕೆಲಸವೆಂದು ಒಂದು ಪತ್ರಿಕೆ. ಗುಪ್ತಪ್ರಿಯನ ಕೆಲಸವೆಂದು ಇನ್ನೊಂದು. ಶವವೇ ಮೇರಿಯದಲ್ಲ, ಆಕೆ ಎಲ್ಲಿಯೋ ಬದುಕಿದ್ದಾಳೆಂದು ಮತ್ತೊಂದು. ಒಂದು ತಿಂಗಳು ಕಳೆದ ಮೇಲೆ, ವೀಹಾಕನ್ನಿನಲ್ಲಿ ಪಾನಗೃಹವನ್ನು ನಡೆಸುತ್ತಿದ್ದ ಲಾಸ್ ಎಂಬಾಕೆಯ ಮಕ್ಕಳಿಗೆ ಪೊದೆಯೊಳಗೆ ಲಂಗ, ಕೊಡೆ, ಹೆಸರಿನ ಗುರುತಿದ್ದ ಕರವಸ್ತ್ರ ಮೊದಲಾದವು ದೊರೆತವೆಂಬ ವಾರ್ತೆ ಹೊರಟು ಊಹೆಗಳಿಗೆ ಹೊಸ ಮೇವಾಯಿತು.

ಇದರ ಬೆಲೆಯನ್ನು ತೆತ್ತವರು ಬೇರೆಯವರು. ಹಿಂದೆ ಆ ಮನೆಯಲ್ಲಿ ವಸತಿಯಿದ್ದ ನಾವಿಕನೊಬ್ಬನನ್ನು ಹಿಡಿದರು, ಬಳಿಕ ಬಿಟ್ಟರು. ಆ ಭಾನುವಾರ ಬೇರೊಬ್ಬ ಹೆಂಗಸಿನೊಡನಿದ್ದ ಕೆತ್ತನೆಯ ಕಸುಬಿನವನೊಬ್ಬನನ್ನು ಹಿಡಿದು ತಂದರು. ಆತನೊಡನಿದ್ದವಳು ಮೇರಿಯಲ್ಲವೆಂದು ಗೊತ್ತಾದ ಮೇಲೆ ಬಿಟ್ಟರು. ಪೇನನು ಆ ದಿನ ತಾನು ಎಲ್ಲೆಲ್ಲಿದ್ದೆನೆಂಬುದಕ್ಕೆ ಸಾಕ್ಷಿಗಳ ಪ್ರಮಾಣಪತ್ರಗಳನ್ನು ಒದಗಿಸಬೇಕಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಅವನು ಹೊಬೋಕೆನ್ನಿಗೆ ಹೋಗಿ, ಅಫೀಮಿನ ದ್ರಾವಣವನ್ನು ಕುಡಿದು, ಶವವು ಸಿಕ್ಕಿದ ಎಡೆಗೆ ಸಮೀಪದಲ್ಲಿಯೇ ಪ್ರಾಣವನ್ನು ಬಿಟ್ಟನು. ಮೇರಿಯನ್ನು ಕೊಂದವರು ಯಾರೆಂಬುದು ಹಾಗಿರಲಿ, ಅದು ಕೊಲೆಯೇ ಅಹುದೆ ಎಂಬುದೂ ಇಂದಿನವರೆಗೆ ನಿರ್ಣಯವಾಗಿಲ್ಲ.

ಪೋ ಮಹಾಶಯನು ಆಗ ಫಿಲಡೆಲ್ಫಿಯಾದಲ್ಲಿದ್ದನು. 1841ರ ಏಪ್ರಿಲಿನಲ್ಲಿ ಪ್ರಕಟವಾದ ‘ರೂ ಮೋರ್ಗಿನ ಕೊಲೆಗಳು’ ಎಂಬ ಕಥೆಯಲ್ಲಿ ಡ್ಯೂಪಾನ್ ಎಂಬ ಸೂಕ್ಷ್ಮಮತಿಯನ್ನು ಸೃಷ್ಟಿಸಿ ಹೆಸರು ಪಡೆದಿದ್ದನು. ಆ ಕಥೆಯಲ್ಲಿ ಗಂಟನ್ನು ಹಾಕಿದವನೂ ಬಿಚ್ಚಿದವನೂ ಕಥೆಗಾರನೇ ಆದುದರಿಂದ ಜಯವು ನಿಶ್ಚಿತವಾಗಿತ್ತು. ಈಗ ಅದೇ ಡ್ಯೂಪಾನನನ್ನು ಲೋಕವು ಹಾಕಿದ ಗಂಟಿನ ಮೇಲೆ ನಿಯೋಜಿಸಿದನು. 1842ರ ಜೂನಿನಲ್ಲಿ ಸಂಪಾದಕರಿಗೆ ಬರೆದ ಪತ್ರಗಳಲ್ಲಿ, ಕಥೆಯ ನೆಪದಿಂದ ನ್ಯೂಯಾರ್ಕಿನ ದುರಂತವನ್ನೇ ವಿಚಾರಣೆ ಮಾಡಿರುವುದಾಗಿಯೂ, ಪುಂಡರ ಗುಂಪಿನ ಊಹೆಯು ಸುಳ್ಳೆಂದು ಸಿದ್ಧಪಡಿಸಿ ಅಪರಾಧಿಯನ್ನು ಸೂಚಿಸಿರುವುದಾಗಿಯೂ ಹೇಳಿಕೊಂಡನು. ಕಥೆಯು ‘ಲೇಡೀಸ್ ಕಂಪ್ಯಾನಿಯನ್’ ಎಂಬ ಮಾಸಪತ್ರಿಕೆಯಲ್ಲಿ 1842ರ ನವೆಂಬರ್, ಡಿಸೆಂಬರ್ ಮತ್ತು 1843ರ ಫೆಬ್ರವರಿ ಸಂಚಿಕೆಗಳಲ್ಲಿ ಮೂರು ಭಾಗಗಳಾಗಿ ಬಂದಿತು. ಮೇರಿ ರಾಜರ್ಸಳು ಮರೀ ರೋಜೆಯಾದಳು, ನ್ಯೂಯಾರ್ಕು ಪ್ಯಾರಿಸ್ಸಾಯಿತು, ಹಡ್ಸನ್ ನದಿ ಸೇನ್ ನದಿಯಾಯಿತು, ಹೊಗೆಸೊಪ್ಪಿನ ಅಂಗಡಿ ಸುಗಂಧದ್ರವ್ಯದ ಅಂಗಡಿಯಾಯಿತು. ಲಾಸ್ ಎಂಬ ಒಡತಿಗೆ ಮದಾಂ ದೆಲ್ಯೂಕ್ ಎಂದೂ, ಪೇನನಿಗೆ ಸೇಂಟ್ ಯೂಸ್ಟಾಷ್ ಎಂದೂ ಹೆಸರಿಟ್ಟನು. ಪತ್ರಿಕೆಗಳಿಗೂ ಫ್ರೆಂಚ್ ಹೆಸರುಗಳು ಬಂದವು. ಡ್ಯೂಪಾನನು ಘಟನೆಯ ಸ್ಥಳಕ್ಕೆ ಹೋಗುವುದಿಲ್ಲ. ಯಾರನ್ನೂ ಎದುರಿಗೆ ಕುಳ್ಳಿರಿಸಿ ಕೇಳುವುದಿಲ್ಲ. ಪತ್ರಿಕೆಗಳ ಕಟ್ಟನ್ನು ತರಿಸಿಕೊಂಡು ಕೋಣೆಯೊಳಗೆ ಕುಳಿತು ವಿಚಾರಮಾಡುತ್ತಾನೆ. ಸ್ಥಳದಿಂದ ದೂರದಲ್ಲಿದ್ದು ಪತ್ರಿಕೆಗಳ ಹೊರತು ಬೇರೆ ಸಾಧನವಿಲ್ಲದೆ ಕಥೆಯನ್ನು ಬರೆದುದಾಗಿ ಪೋ ಮಹಾಶಯನೇ ಮುಂದೆ ಒಪ್ಪಿಕೊಂಡಿದ್ದಾನೆ.

ಗುಣವನ್ನು ಮೊದಲು ಹೇಳುವುದು ಧರ್ಮ. ಪರಪಕ್ಷದ ಖಂಡನೆಯಲ್ಲಿ ಡ್ಯೂಪಾನನಿಗೆ ಸಮನಾದವರು ವಿರಳ. ನೀರಿಗೆ ಬಿದ್ದ ಶವವು ಮೇಲಕ್ಕೆ ಬರಲು ಆರರಿಂದ ಹತ್ತು ದಿನಗಳು ಬೇಕು, ಈ ಶವವು ಅದಕ್ಕೆ ಮುಂಚೆಯೇ ಕಂಡಿತು, ಆದುದರಿಂದ ಇದು ಆ ಹುಡುಗಿಯದಲ್ಲ ಎಂದು ಒಂದು ಪತ್ರಿಕೆಯು ವಾದಿಸಿತ್ತು. ಈ ನಿಯಮಕ್ಕೆ ವ್ಯಾಪ್ತಿಯೇ ಇಲ್ಲವೆಂದು ಡ್ಯೂಪಾನನು ತೋರಿಸುತ್ತಾನೆ: ಮನುಷ್ಯದೇಹದ ಭಾರವು ನೀರಿನ ಭಾರಕ್ಕೆ ಹೆಚ್ಚುಕಡಮೆ ಸಮನಾಗಿರುವುದು, ಮುಳುಗಿ ಸತ್ತವರ ವಿಷಯ ಬೇರೆ, ಸತ್ತ ಮೇಲೆ ನೀರಿಗೆ ಬಿದ್ದವರ ವಿಷಯ ಬೇರೆ. ಶವದ ಗುರುತಿನ ವಿಷಯದಲ್ಲಿಯೂ ಅವನ ವಾದವು ಗಟ್ಟಿಯಾದುದು. ಒಂದೊಂದು ಗುರುತೂ ಬಿಡಿಯಾಗಿ ದುರ್ಬಲವಾಗಿರಬಹುದು. ಆದರೆ ಅಂಥ ಹಲವು ಗುರುತುಗಳು ಒಂದೇ ದೇಹದಲ್ಲಿ ಕೂಡಿದಾಗ ಅವುಗಳ ಬಲವು ಕೂಡಿಕೆಯಂತಲ್ಲ, ಗುಣಾಕಾರದಂತೆ ಬೆಳೆಯುವುದೆಂದು ಅವನು ಹೇಳುತ್ತಾನೆ. ಪೊದೆಯಲ್ಲಿ ದೊರೆತ ವಸ್ತುಗಳ ವಿಚಾರವಂತೂ ಸೊಗಸಾಗಿದೆ. ಹುಡುಗರು ದಿನವೂ ನುಗ್ಗಿ ಆಡುವ ಪೊದೆಯಲ್ಲಿ ಅವು ವಾರಗಟ್ಟಲೆ ಯಾರ ಕಣ್ಣಿಗೂ ಬೀಳದೆ ಇರುವುದು ಸಾಧ್ಯವೆ, ಬಟ್ಟೆಯ ಪಟ್ಟಿಯು ಮುಳ್ಳಿನಿಂದ ಹಾಗೆ ನೀಳವಾಗಿ ಹರಿಯುವುದುಂಟೆ ಎಂದು ಕೇಳಿ, ಅವನ್ನು ಯಾರೋ ಆಮೇಲೆ ತಂದಿಟ್ಟಿರಬೇಕೆಂಬ ಶಂಕೆಯನ್ನು ನ್ಯಾಯವಾಗಿಯೇ ಎತ್ತುತ್ತಾನೆ. ಪತ್ರಿಕೆಗಳ ಗುರಿಯು ಸತ್ಯಕ್ಕಿಂತ ಸಂಚಲನವೆಂಬ ಅವನ ಎಚ್ಚರಿಕೆಯು ಇಂದಿಗೂ ಹಳೆಯದಾಗಿಲ್ಲ.

ನ್ಯಾಯಸೂತ್ರಕಾರರು ಕಥೆಯನ್ನು, ಅಂದರೆ ಚರ್ಚೆಯನ್ನು, ವಾದ, ಜಲ್ಪ, ವಿತಂಡವೆಂದು ಮೂರು ಬಗೆಯಾಗಿ ವಿಂಗಡಿಸಿದ್ದಾರೆ. ತತ್ತ್ವವನ್ನು ತಿಳಿಯಬೇಕೆಂಬ ಇಚ್ಛೆಯಿಂದ ನಡೆಯುವುದು ವಾದ. ಗೆಲ್ಲಬೇಕೆಂಬ ಇಚ್ಛೆಯಿಂದ ನಡೆಯುವುದು ಜಲ್ಪ. ತನ್ನದಾದ ಪಕ್ಷವನ್ನು ಸ್ಥಾಪಿಸದೆ ಎದುರಾಳಿಯ ಪಕ್ಷವನ್ನು ಕೆಡಹುವುದು ವಿತಂಡ. ನ್ಯೂಯಾರ್ಕಿನ ಪತ್ರಿಕೆಗಳು ಮಾಡಿದುದು ಜಲ್ಪ; ಒಂದರ ಊಹೆಯನ್ನು ಇನ್ನೊಂದು ಮೀರಿಸಬೇಕೆಂಬುದೇ ಅಲ್ಲಿನ ಹುರುಡು. ಡ್ಯೂಪಾನನ ಮೊದಲ ಅರ್ಧವು ವಿತಂಡ. ಲೋಕವು ಈ ಹೆಸರನ್ನು ಹೀನಾರ್ಥದಲ್ಲಿ ಬಳಸಿದರೂ ಕೆಟ್ಟ ಊಹೆಗಳು ತುಂಬಿರುವ ಎಡೆಯಲ್ಲಿ ಅದೂ ಉಪಕಾರಿಯೇ. ಕಥೆಯು ಅಲ್ಲಿಗೆ ನಿಂತಿದ್ದರೆ ಅದನ್ನು ವಾದಕ್ಕೆ ಸಮೀಪವಾದುದೆಂದು ಕೊಂಡಾಡಬಹುದಾಗಿತ್ತು. ಆದರೆ ಖಂಡಿಸಿದವನಿಗೆ ತಾನೂ ಒಂದು ಪಕ್ಷವನ್ನು ನಿಲ್ಲಿಸಬೇಕೆಂಬ ಚಪಲವು ಹುಟ್ಟುವುದು ಸಹಜ. ಕಥೆಯು ಮುಗ್ಗರಿಸುವುದು ಅಲ್ಲಿಯೇ.

ಡ್ಯೂಪಾನನು ಸ್ಥಾಪಿಸುವ ಪಕ್ಷವಿದು: ಕೊಲೆಗಾರನು ಒಬ್ಬನೇ; ಅವನು ನೌಕಾಪಡೆಯವನು; ಹಿಂದೆ ಆಕೆಯು ಮೊದಲ ಸಲ ಕಾಣೆಯಾದಾಗ ಜೊತೆಯಲ್ಲಿದ್ದವನೂ ಅವನೇ. ಇದಕ್ಕೆ ಹೇತುಗಳು ಮುಖ್ಯವಾಗಿ ಎರಡು. ಟೋಪಿಯ ದಾರಕ್ಕೆ ಹಾಕಿದ್ದ ಗಂಟು ನಾವಿಕರು ಹಾಕುವ ಗಂಟು. ಮೊದಲನೆಯ ಕಾಣೆಯಾಗುವಿಕೆಗೂ ಎರಡನೆಯದಕ್ಕೂ ನಡುವಣ ಕಾಲವು ಯುದ್ಧನೌಕೆಗಳ ಸಂಚಾರದ ಅವಧಿಗೆ ಸರಿಸುಮಾರಾಗಿ ಹೊಂದುತ್ತದೆ. ಶಾಸ್ತ್ರದ ಒರೆಗಲ್ಲಿಗೆ ಇವನ್ನು ಹಚ್ಚಿದರೆ ಏನಾಗುವುದು? ನಾವಿಕರ ಗಂಟನ್ನು ನಾವಿಕರೇ ಹಾಕಬೇಕೆಂಬ ನಿಯಮವಿಲ್ಲ. ನದಿಯ ದಡದ ಊರಿನಲ್ಲಿ ದೋಣಿಯವರಿಗೂ ಮೂಟೆ ಹೊರುವವರಿಗೂ ಅದು ಗೊತ್ತಿರುವುದು. ಸಾಧ್ಯವಿಲ್ಲದೆಡೆಯಲ್ಲಿಯೂ ಇರುವ ಇಂಥ ಹೇತುವನ್ನು ಸವ್ಯಭಿಚಾರವೆನ್ನುತ್ತಾರೆ. ಅದು ಹೇತ್ವಾಭಾಸಗಳಲ್ಲಿ ಮೊದಲನೆಯದು. ಕಾಲದ ಹೊಂದಾಣಿಕೆಯಾದರೋ ಕಾಕತಾಲೀಯ. ಅಷ್ಟೇ ಅವಧಿಯಲ್ಲಿ ಊರಿಗೆ ಬಂದು ಹೋದವರು ನೂರಾರು ಮಂದಿ ಇದ್ದಿರಬೇಕು. ಪತ್ರಿಕೆಯ ಊಹೆಯೊಂದನ್ನು ಕೆಡಹುವಾಗ ಡ್ಯೂಪಾನನು ವ್ಯಾಪ್ತಿಯನ್ನು ಕೇಳಿದನು. ತನ್ನ ಊಹೆಗೆ ಅದನ್ನು ಕೇಳಿಕೊಳ್ಳಲಿಲ್ಲ. ಹವ್ಯಾಸದಿಂದ ಪತ್ತೆಗೆ ತೊಡಗುವವರೆಲ್ಲರ ಸ್ವಭಾವವೂ ಇದೇ: ಪರರ ಊಹೆಗೆ ಸಾಕ್ಷ್ಯ ಬೇಕು, ತಮ್ಮದಕ್ಕೆ ಹೊಂದಿಕೆಯೊಂದಿದ್ದರೆ ಸಾಕು.

ಇನ್ನು ಕಥೆಯ ಮುಕ್ತಾಯ. ಪರಾರ್ಥಾನುಮಾನಕ್ಕೆ ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನವೆಂದು ಐದು ಅವಯವಗಳು. ತೇಲಿ ಬಂದ ದೋಣಿಯೊಂದನ್ನು ಹುಡುಕಿದರೆ ಕೊಲೆಗಾರನು ಸಿಕ್ಕುವನೆಂದು ಡ್ಯೂಪಾನನು ಹೇಳಿ ನಿಲ್ಲಿಸುತ್ತಾನೆ. ಆಗ ಪತ್ರಿಕೆಯ ಸಂಪಾದಕರ ಟಿಪ್ಪಣಿಯೆಂಬ ವೇಷದಲ್ಲಿ ಒಂದು ಮಾತು ನಡುವೆ ನುಗ್ಗಿ, ಮುಂದಿನ ಶೋಧನೆಯ ವಿವರವನ್ನು ಬಿಟ್ಟಿದೆಯೆಂದೂ ಇಷ್ಟಪಟ್ಟ ಫಲವು ದೊರೆಯಿತೆಂದೂ ತಿಳಿಸುತ್ತದೆ. ಅಲ್ಲಿಂದ ಮುಂದೆ ಕಥೆಯು ಸಂಭವಗಣಿತದ ಕಡೆಗೂ ಪಗಡೆಯ ದಾಳಗಳ ಕಡೆಗೂ ತಿರುಗಿ, ಮರೀ ರೋಜೆಯ ವೃತ್ತಾಂತವನ್ನು ಮೇರಿ ರಾಜರ್ಸಳಿಗೆ ನೇರವಾಗಿ ಅನ್ವಯಿಸಬಾರದು, ಅತ್ಯಲ್ಪವಾದ ವ್ಯತ್ಯಾಸವೂ ಮಹಾಪ್ರಮಾದಕ್ಕೆ ಕಾರಣವಾಗಬಹುದು ಎಂದು ಎಚ್ಚರಿಸಿ ಮುಗಿಯುತ್ತದೆ. ನಾಲ್ಕು ಅವಯವಗಳನ್ನು ಹೇಳಿ ಐದನೆಯದನ್ನು ಮರೆಸಿಟ್ಟ ಅನುಮಾನವಿದು. ಅಪರಾಧಿಯನ್ನು ಸೂಚಿಸಿರುವೆನೆಂದು ಸಂಪಾದಕರಿಗೆ ಬರೆದವನು ಓದುಗರ ಮುಂದೆ ನಿಗಮನವನ್ನು ಉಚ್ಚರಿಸಲಿಲ್ಲ. ತಪ್ಪಾದರೆ ಹೊಣೆಯಿಲ್ಲ, ಸರಿಯಾದರೆ ಕೀರ್ತಿಯುಂಟು ಎಂಬ ಈ ನಿಲುವಿನಲ್ಲಿ ವಿನಯವಿದೆಯೆಂದು ಕೆಲವು ವಿಮರ್ಶಕರು ಹೇಳಬಹುದು. ವಿನಯಕ್ಕೂ ನುಣುಚಿಕೊಳ್ಳುವಿಕೆಗೂ ಇರುವ ಭೇದವನ್ನು ಮುಂದಿನ ಸಂಗತಿಯು ತಿಳಿಸುತ್ತದೆ.

ಕಥೆಯು ಅಚ್ಚಾಗುತ್ತಿದ್ದ ಸಮಯದಲ್ಲಿಯೇ, 1842ರ ಕೊನೆಯ ಭಾಗದಲ್ಲಿ, ಲಾಸ್ ಎಂಬ ಆ ಪಾನಗೃಹದ ಒಡತಿಗೆ ಮಗನ ಕೈಯ ಬಂದೂಕಿನಿಂದ ಅಕಸ್ಮಾತ್ತಾಗಿ ಗುಂಡು ತಗುಲಿ ಆಕೆ ಸತ್ತಳು. ಮೇರಿಯು ವೈದ್ಯನೊಬ್ಬನೊಡನೆ ತನ್ನ ಮನೆಗೆ ಬಂದಿದ್ದಳೆಂದೂ, ಗರ್ಭಪಾತದ ಪ್ರಯತ್ನದಲ್ಲಿ ಅಲ್ಲಿಯೇ ಸತ್ತಳೆಂದೂ ಆಕೆ ಸಾಯುವ ಮುನ್ನ ಹೇಳಿದಳೆಂದು ‘ಟ್ರಿಬ್ಯೂನ್’ ಪತ್ರಿಕೆಯು ನವೆಂಬರಿನಲ್ಲಿ ಪ್ರಕಟಿಸಿತು. ಆ ಪತ್ರಿಕೆಯ ವಾರ್ತೆಯನ್ನು ಸಂಬಂಧಪಟ್ಟ ನ್ಯಾಯಾಧಿಕಾರಿಯು ಅಲ್ಲಗಳೆದನು. ಹೇಗೇ ಇರಲಿ, ಸಾರ್ವಜನಿಕರ ನಂಬಿಕೆಯು ಆ ಕಡೆಗೆ ತಿರುಗಿತು. ಜನವರಿಯಲ್ಲಿ ಬರಬೇಕಾಗಿದ್ದ ಕಥೆಯ ಮೂರನೆಯ ಭಾಗವು ಫೆಬ್ರವರಿಗೆ ಹೋಯಿತು. ಅದರ ಕಾರಣವನ್ನು ಇಲ್ಲಿ ಊಹಿಸುವುದು ಬೇಡ. ಊಹೆಯನ್ನು ಖಂಡಿಸುವ ವಿಮರ್ಶೆಯು ಊಹೆಗೆ ಇಳಿಯಲಾಗದು. ಆದರೆ 1845ರಲ್ಲಿ ತನ್ನ ಕಥೆಗಳ ಸಂಗ್ರಹವನ್ನು ಹೊರಡಿಸುವಾಗ ಪೋ ಮಹಾಶಯನು ಮಾಡಿದುದು ಊಹೆಯ ವಿಷಯವಲ್ಲ, ಕಣ್ಣಿಗೆ ಕಾಣುವ ವಿಷಯ. ಜಾನ್ ವಾಲ್ಷ್ ಎಂಬ ಪಂಡಿತನು 1968ರ ತನ್ನ ಗ್ರಂಥದಲ್ಲಿ ಎರಡು ಪಾಠಗಳನ್ನೂ ಹೋಲಿಸಿ, ಹತ್ತಕ್ಕೂ ಹೆಚ್ಚು ಎಡೆಗಳಲ್ಲಿ ಸಣ್ಣಸಣ್ಣ ತಿದ್ದುಪಡಿಗಳಾಗಿರುವುದನ್ನು ತೋರಿಸಿದ್ದಾನೆ. ಪೊದೆಯಲ್ಲಿಯೇ ಕೊಲೆ ನಡೆಯಿತೆಂಬಂತಿದ್ದ ಮಾತು ಸಡಿಲವಾಯಿತು. ಮದಾಂ ದೆಲ್ಯೂಕಳ ಮನೆಯಲ್ಲಿ ಅಪಘಾತವು ನಡೆದಿರಬಹುದೆಂಬ ಪಕ್ಷಾಂತರವು ಸದ್ದಿಲ್ಲದೆ ಒಳಗೆ ಸೇರಿತು. ಇದರ ಮೇಲೆ ಅಡಿಟಿಪ್ಪಣಿಯೊಂದನ್ನು ಬರೆದು, ಇಬ್ಬರ ತಪ್ಪೊಪ್ಪಿಗೆಗಳಿಂದ ಕಥೆಯ ಸಿದ್ಧಾಂತವೂ ಮುಖ್ಯವಾದ ವಿವರಗಳೂ ಸಂಪೂರ್ಣವಾಗಿ ದೃಢಪಟ್ಟವೆಂದು ಸಾರಿದನು.

ಈ 1845ರ ಟಿಪ್ಪಣಿಯೇ ಕಥೆಯ ನಿಜವಾದ ಕಳಂಕ. ಊಹೆಯು ತಪ್ಪುವುದು ಪಾಪವಲ್ಲ, ತಪ್ಪದ ಮನುಷ್ಯನಿಲ್ಲ. ಆದರೆ ಬಾಣವು ಬಿದ್ದೆಡೆಗೆ ಗುರಿಯನ್ನು ಸರಿಸಿ ‘ಗುರಿಯನ್ನು ಭೇದಿಸಿದೆನು’ ಎನ್ನುವುದು ಬೇರೆ. ವಾದದಲ್ಲಿ ಪ್ರತಿಜ್ಞೆಯನ್ನು ನಡುವೆ ಬದಲಿಸುವುದನ್ನು ಪ್ರತಿಜ್ಞಾಂತರವೆಂದು ಕರೆದು ಸೋಲಿನ ಸ್ಥಾನಗಳಲ್ಲಿ ಎಣಿಸಿದ್ದಾರೆ. ಮೊದಲ ಪಾಠವನ್ನು ಓದದವರು ಎರಡನೆಯದನ್ನು ಓದಿ, ಕೋಣೆಯಲ್ಲಿ ಕುಳಿತೇ ಕೊಲೆಯ ರಹಸ್ಯವನ್ನು ಬಿಡಿಸಿದ ಅದ್ಭುತಬುದ್ಧಿಯೆಂದು ಬಹುಕಾಲ ಹೊಗಳಿದರು. ಪತ್ರಿಕೆಗಳನ್ನು ಓದಿಯೇ ಎಲ್ಲವನ್ನೂ ಕಂಡುಹಿಡಿಯಬಹುದೆಂಬ ಭ್ರಮೆಗೆ ಈ ಹೊಗಳಿಕೆಯೂ ಆಧಾರವಾಯಿತು.

ತರ್ಕದ ಮಾತು ಇಷ್ಟಾಯಿತು. ಕಾವ್ಯದ ದೃಷ್ಟಿಯಿಂದ ನೋಡಿದರೆ ಇನ್ನೊಂದು ಪ್ರಶ್ನೆಯು ಏಳುತ್ತದೆ: ಈ ಕಥೆಯಲ್ಲಿ ಹುಡುಗಿಯೆಲ್ಲಿ? ಆಕೆಯ ತೋಳು, ಕೂದಲು, ಬಟ್ಟೆ, ಗಂಟು, ತೂಕ ಇವೆಲ್ಲ ಇವೆ. ಆಕೆಯ ಬದುಕು ಇಲ್ಲ. ಕಥೆಯಲ್ಲಿ ಆಕೆ ಮಾತಾಡುವಂತೆ ತೋರುವುದು ಒಂದೇ ಎಡೆಯಲ್ಲಿ. ಆ ಭಾನುವಾರ ಆಕೆಯು ಮನಸ್ಸಿನಲ್ಲಿಯೇ ಹೀಗೆ ಯೋಚಿಸಿರಬೇಕೆಂದು ಡ್ಯೂಪಾನನು ಒಂದು ಸ್ವಗತವನ್ನು ಕಟ್ಟುತ್ತಾನೆ. ಎಷ್ಟು ಹೊತ್ತಿಗೆ ಹೊರಡುವುದು, ಯಾರಿಗೆ ಏನು ಹೇಳುವುದು, ಹುಡುಕಾಟಕ್ಕೆ ಮುನ್ನ ಎಷ್ಟು ಕಾಲ ದೊರೆಯುವುದು ಎಂಬ ಲೆಕ್ಕಾಚಾರವೇ ಅದರಲ್ಲಿ ತುಂಬಿದೆ. ಅದು ಹುಡುಗಿಯ ಮಾತಲ್ಲ, ಡ್ಯೂಪಾನನು ಹೆಣ್ಣಿನ ಧ್ವನಿಯಲ್ಲಿ ಆಡಿದ ತರ್ಕ. ಭಯವೆಂಬುದು ಅದರಲ್ಲಿ ಇಲ್ಲ, ನಾಚಿಕೆಯಿಲ್ಲ, ತಾಯಿಯ ನೆನಪಿಲ್ಲ. ಅತ್ತ ಸೇಂಟ್ ಯೂಸ್ಟಾಷನು ವಿಷವನ್ನು ಕುಡಿದು ಸಾಯುವುದೂ ಅವನು ನಿರಪರಾಧಿಯೆಂಬುದಕ್ಕೆ ಒಂದು ಪೋಷಕಸಂಗತಿಯಾಗಿ ಎರಡು ಮಾತಿನಲ್ಲಿ ಮುಗಿದುಹೋಗುತ್ತದೆ.

ಇದಕ್ಕೆ ಸಮಾಧಾನವಾಗಿ, ಕಥೆಯ ಅಂಗಿಯಾದ ರಸವು ಅದ್ಭುತವೇ ಹೊರತು ಕರುಣವಲ್ಲ, ಬುದ್ಧಿಯ ವಿಲಾಸವನ್ನು ಬಯಸಿ ಬಂದವರು ಕಣ್ಣೀರನ್ನು ಕೇಳಬಾರದು ಎಂದು ಹೇಳಬಹುದು. ‘ರೂ ಮೋರ್ಗಿನ ಕೊಲೆಗಳು’ ಎಂಬ ಕಲ್ಪಿತಕಥೆಗೆ ಈ ಸಮಾಧಾನವು ಪೂರ್ತಿಯಾಗಿ ಸಲ್ಲುವುದು. ಅಲ್ಲಿ ಸತ್ತವರಿಗೆ ಲೋಕದಲ್ಲಿ ತಾಯಿಯಿಲ್ಲ, ಮನೆಯಿಲ್ಲ. ಇಲ್ಲಿಯಾದರೋ ಒಂದು ಮನೆಯ ಮಗಳು ಸತ್ತು ಒಂದು ವರ್ಷವಾಗಿರಲಿಲ್ಲ. ಲೇಖಕನು ಕಥೆಯನ್ನು ಮಾರುವ ಪತ್ರವನ್ನು ಬರೆಯುತ್ತಿದ್ದನು. ಕ್ಷೇಮೇಂದ್ರನು ಔಚಿತ್ಯವನ್ನು ರಸಸಿದ್ಧವಾದ ಕಾವ್ಯದ ಜೀವಿತವೆಂದು ಎಣಿಸಿದ್ದಾನೆ. ಸ್ಥಾನವು ಬದಲಾದರೆ ಅದೇ ಆಭರಣವು ನಗೆಗೀಡಾಗುವುದು. ಕಲ್ಪಿತವಾದ ಶವದ ಮೇಲೆ ಶೋಭಿಸುವ ಬುದ್ಧಿವಿಲಾಸವು ನಿಜವಾದ ಶವದ ಮೇಲೆ ಶೋಭಿಸದು. ಹೆಸರಿನ ಎರಡು ಅಕ್ಷರಗಳನ್ನು ಬದಲಿಸಿ ಊರನ್ನು ಫ್ರಾನ್ಸಿಗೆ ಸಾಗಿಸಿದ ಮಾತ್ರಕ್ಕೆ ಔಚಿತ್ಯದ ಋಣವು ತೀರುವುದಿಲ್ಲ.

ಮೇರಿಯ ವಿಷಯದಲ್ಲಿ ಕೇಳಬೇಕಾಗಿದ್ದ ಪ್ರಶ್ನೆಗಳನ್ನು ಬಹುಕಾಲದ ಮೇಲೆ ಇತಿಹಾಸಕಾರರು ಕೇಳಿದರು. ಏಮಿ ಗಿಲ್ಮನ್ ಸ್ರೆಬ್ನಿಕ್ ಎಂಬ ವಿದುಷಿಯು 1995ರಲ್ಲಿ ಪ್ರಕಟಿಸಿದ ಗ್ರಂಥವು ಕೊಂದವರು ಯಾರೆಂಬುದಕ್ಕಿಂತ, ಅಂದಿನ ನ್ಯೂಯಾರ್ಕಿನಲ್ಲಿ ದುಡಿದು ಬದುಕುವ ಒಂಟಿ ಹುಡುಗಿಯ ಜೀವನವು ಹೇಗಿತ್ತು, ಆಕೆಯ ಸಾವನ್ನು ನಗರವು ಯಾವಯಾವ ಉದ್ದೇಶಗಳಿಗೆ ಬಳಸಿಕೊಂಡಿತು ಎಂಬುದನ್ನು ಮುಖ್ಯವಾಗಿ ವಿಚಾರಿಸುತ್ತದೆ. 1845ರಲ್ಲಿ ನ್ಯೂಯಾರ್ಕು ಸುವ್ಯವಸ್ಥಿತವಾದ ಪೋಲೀಸು ಪಡೆಯನ್ನು ಪಡೆಯುವುದಕ್ಕೆ ನಡೆದ ಚರ್ಚೆಯಲ್ಲಿ ಮೇರಿಯ ಸಾವೂ ಒಂದು ನಿದರ್ಶನವಾಯಿತು. ಊಹಿಸಿದ ಪತ್ರಿಕೆಗಳಿಂದ ಸತ್ತವಳಿಗೆ ನ್ಯಾಯ ದೊರೆಯಲಿಲ್ಲ. ಊಹಿಸುವವರಿಗೆ ಎಡೆಗೊಟ್ಟ ಅವ್ಯವಸ್ಥೆಯು ಸ್ವಲ್ಪವಾದರೂ ಸರಿಹೋದುದು ಜೀವಂತರಿಗೆ ಒದಗಿದ ಉಪಕಾರ.

ಕಾಣೆಯಾದವರನ್ನು ಕಂಡುಹಿಡಿಯುವುದರಲ್ಲಿ ದೂರದ ತರ್ಕಕ್ಕೂ ಹತ್ತಿರದ ಕಣ್ಣಿಗೂ ಎಷ್ಟು ಅಂತರವೆಂಬುದಕ್ಕೆ ಇನ್ನೊಂದು ನಿದರ್ಶನವಿದೆ. 1926ರ ಡಿಸೆಂಬರ್ 3ರ ರಾತ್ರಿ ಇಂಗ್ಲೆಂಡಿನ ಪತ್ತೇದಾರಿ ಕಾದಂಬರಿಗಾರ್ತಿ ಅಗಾಥಾ ಕ್ರಿಸ್ಟಿಯು ಮನೆಯಿಂದ ಹೊರಟು ಕಾಣೆಯಾದಳು. ಆಕೆಯ ಮೋಟಾರು ಸರ್ರೆ ಪ್ರಾಂತದಲ್ಲಿ ಬಿಟ್ಟುಬಿಟ್ಟ ಸ್ಥಿತಿಯಲ್ಲಿ ದೊರೆಯಿತು. ಸಾವಿರಾರು ಜನರು ಹೊಲಗದ್ದೆಗಳನ್ನು ಜಾಲಾಡಿದರು. ಗಂಡನೇ ಕೊಂದಿರಬೇಕೆಂಬ ಸಂಶಯವು ಹಬ್ಬಿತು. ಷರ್ಲಾಕ್ ಹೋಮ್ಸನನ್ನು ಸೃಷ್ಟಿಸಿದ ಕಾನನ್ ಡಾಯ್ಲ್ ಮಹಾಶಯನು ಆಕೆಯ ಕೈಗವಸೊಂದನ್ನು ಪಡೆದು ದಿವ್ಯದೃಷ್ಟಿಯುಳ್ಳವನೆಂದು ಹೆಸರಾಗಿದ್ದವನೊಬ್ಬನ ಕೈಗೆ ಕೊಟ್ಟನು. ಹನ್ನೊಂದು ದಿನಗಳ ಮೇಲೆ ಆಕೆ ಹ್ಯಾರೊಗೇಟಿನ ಹೋಟಲೊಂದರಲ್ಲಿ ಜೀವಂತಳಾಗಿ ಸಿಕ್ಕಿದಳು. ಆಕೆಯನ್ನು ಗುರುತಿಸಿದವರು ಆ ಹೋಟಲಿನ ವಾದ್ಯಗಾರರು. ಅವರು ಯಾವ ಸಿದ್ಧಾಂತವನ್ನೂ ಕಟ್ಟಲಿಲ್ಲ, ಎದುರಿಗಿದ್ದವಳ ಮುಖವನ್ನು ನೋಡಿದರು, ತಿಳಿಸತಕ್ಕವರಿಗೆ ತಿಳಿಸಿದರು. ಪ್ರತ್ಯಕ್ಷವು ಪ್ರಮಾಣಗಳಲ್ಲಿ ಜ್ಯೇಷ್ಠವೆಂಬ ಮಾತು ಪಾಠಶಾಲೆಗೆ ಮಾತ್ರ ಸೀಮಿತವಾದುದಲ್ಲ.

ಆದುದರಿಂದ ‘ಮರೀ ರೋಜೆಯ ರಹಸ್ಯ’ವನ್ನು ಓದಬಾರದೆಂದು ಹೇಳುವುದು ಸಲ್ಲದು. ಅದನ್ನು ಎರಡು ಭಾಗವಾಗಿ ಓದತಕ್ಕದ್ದು. ಮೊದಲ ಭಾಗವು ಸುದ್ದಿಯನ್ನು ಸಂದೇಹದಿಂದ ಓದುವುದನ್ನು ಕಲಿಸುವ ಒಳ್ಳೆಯ ಪಾಠ; ವಿದ್ಯಾವಂತರ ಮನೆಗಳಲ್ಲಿ ಹುಡುಗರಿಗೆ ಅದನ್ನು ಓದಿ ಹೇಳಿದರೆ ಪ್ರಯೋಜನವುಂಟು. ಉತ್ತರಭಾಗವನ್ನು, 1845ರ ಟಿಪ್ಪಣಿಯೊಡನೆ, ಆ ಪಾಠವನ್ನು ಕಲಿಸಿದವನೇ ಅದನ್ನು ಹೇಗೆ ಮರೆತನೆಂಬುದಕ್ಕೆ ದೃಷ್ಟಾಂತವಾಗಿ ಓದಬೇಕು. ಹೀಗೆ ಓದಿದವರು, ಮುಂದೆ ಯಾವುದಾದರೂ ಮನೆಯ ಮಗಳು ಕಾಣೆಯಾದಳೆಂಬ ಸುದ್ದಿ ತಮ್ಮ ಜಗುಲಿಗೆ ಬಂದಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವರು: ಈ ಮಾತಿಗೆ ಹೇತುವೇನು? ತಪ್ಪಾದರೆ ಹೊಣೆಗಾರರು ಯಾರು? ಇದನ್ನು ಆಕೆಯ ತಾಯಿಯ ಎದುರಿಗೆ ಹೇಳಲಾದೀತೆ? ಕಂಡುದುಂಟಾದರೆ ತಿಳಿಸತಕ್ಕವರಿಗೆ ತಿಳಿಸಬೇಕು. ಕಾಣದವರಿಗೆ ಮೌನವೇ ಯೋಗ್ಯ. ಅದರಿಂದ ಯಾರ ಮನೆಯೂ ಕೆಡದು.